ಖಾಲಿ ಬೆಂಚಿನ ಹುಡುಗಿ

ತಾಕ್ ಗುಮ್ಹೀ ಎತ್ತರದ ಹೆಂಗಸು. ಎಷ್ಟು ಎತ್ತರವೆಂದರೆ, ಜೊಂಜು ಊರಿನ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯರು ಅವಳು ನಾಲ್ಕು ಅಂಗಡಿ ಆಚೆ ಇರುವಾಗಲೇ ನೋಡಿ, ಅವಳಿಗೆ ಬೇಕಾದ ಮೂಲಂಗಿ ಕಟ್ಟನ್ನು ಆರಿಸಿ ಪಕ್ಕಕ್ಕಿಡುತ್ತಿದ್ದರು. ಬಸ್ಸು ಹತ್ತುವಾಗ, ಹಳೆಯ ಹೋಟೆಲಿನ ಬಾಗಿಲು ದಾಟುವಾಗ ತಾನಾಗಿ ತಲೆ ತಗ್ಗುತ್ತಿತ್ತು. ನಲವತ್ತಾರರ ಈ ವಯಸ್ಸಿನವರೆಗೆ ತಗ್ಗಿ ತಗ್ಗಿ, ತಗ್ಗಬೇಕಾಗಿಲ್ಲದ ಕಡೆಯಲ್ಲೂ ಒಂದಿಷ್ಟು ಬಾಗುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು.

ಹರೆಯದಲ್ಲಿ ಒಂದು ಬ್ಯಾಂಕಿನ ತಂಡಕ್ಕೆ ಬಾಸ್ಕೆಟ್‌ಬಾಲ್ ಆಡಿದವಳು. ಬ್ಯಾಂಕು ಮುಳುಗಿತು, ತಂಡವೂ ಮುಳುಗಿತು. ಆಮೇಲೆ ಮನೆ ಮನೆಗೆ ಹೋಗಿ ಮುಖಕ್ಕೆ ಹಚ್ಚುವ ಕ್ರೀಮು ಮಾರಿದಳು, ಶಾಲೆಯ ವ್ಯಾನು ಓಡಿಸಿದಳು, ಬಟ್ಟೆ ತೊಳೆದು ಇಸ್ತ್ರಿ ಮಾಡುವ ಅಂಗಡಿಯಿಟ್ಟಿದ್ದ ಸಾಂಗ್‌ಬೊಮ್‌ನನ್ನು ಮದುವೆಯಾದಳು. ಮಗಳು ಬೊಮಿ ಶಿಶುವಿಹಾರಕ್ಕೆ ಹೋಗಲು ಶುರುಮಾಡಿದ ವರ್ಷ ಜೊಂಜು ಮಹಿಳಾ ತಂಡದ ಹಿರಿಯ ಕೋಚ್ ನಾಮ್‌ಗುಂಗ್ ಫೋನು ಮಾಡಿ, ಊರೂರಿನ ಹೈಸ್ಕೂಲು ಆಟಗಳಿಗೆ ಹೋಗಿ ಒಳ್ಳೆಯ ಹುಡುಗಿಯರನ್ನು ನೋಡಿಕೊಂಡು ಬರುವ ಕೆಲಸವಿದೆ, ಮಾಡುತ್ತೀರಾ ಎಂದು ಕೇಳಿದರು. ಅವಳು ಮಾಡುತ್ತೇನೆ ಎಂದಳು. ಅಂದಿನಿಂದ ಸಾಂಗ್‌ಬೊಮ್ ಅಂಗಡಿಗೆ ಬಂದವರಿಗೆಲ್ಲ ಹೇಳುವುದು ಒಂದೇ ಮಾತು: "ನನ್ನ ಹೆಂಡತಿ ವರ್ಷವೆಲ್ಲ ಹೆಣ್ಣು ನೋಡೋಕೆ ಹೋಗ್ತಾಳೆ ಕಣ್ರೀ. ಇಲ್ಲೀವರೆಗೂ ಒಂದು ಮದುವೇನೂ ಮಾಡ್ಸಿಲ್ಲ."

ಮಾತು ತಮಾಷೆಯದಾದರೂ ಅರ್ಧ ನಿಜ. ಹುಡುಗಿಯರನ್ನು ತಂಡಗಳು ಆರಿಸಿಕೊಳ್ಳುವುದು ವರ್ಷಕ್ಕೆ ಒಂದೇ ದಿನ, ಶರತ್ಕಾಲದಲ್ಲಿ. ಆ ದಿನವನ್ನು ಎಲ್ಲರೂ ಡ್ರಾಫ್ಟ್ ಎನ್ನುತ್ತಾರೆ. ಹೈಸ್ಕೂಲು ಮುಗಿಸುವ ಹುಡುಗಿಯರು ಒಂದು ಸಭಾಂಗಣದಲ್ಲಿ ಸಾಲಾಗಿ ಕೂರುತ್ತಾರೆ, ಆರು ತಂಡಗಳ ಕೋಚುಗಳು ಸರದಿಯಂತೆ ವೇದಿಕೆ ಹತ್ತಿ ಹೆಸರು ಕರೆಯುತ್ತಾರೆ. ಕರೆದವಳು ಆಟಗಾರ್ತಿಯಾಗುತ್ತಾಳೆ. ಕರೆಯದವಳು ಅಂದೇ ಸಂಜೆ ಬಾಸ್ಕೆಟ್‌ಬಾಲ್ ಬೂಟನ್ನು ಚೀಲದ ತಳಕ್ಕೆ ಹಾಕಿ ಊರಿಗೆ ಹೋಗುತ್ತಾಳೆ. ಬಂದವರಲ್ಲಿ ಅರ್ಧದಷ್ಟು ಜನ ಹಾಗೆಯೇ ಹೋಗುವುದು.

ಗುಮ್ಹೀಗೆ ಆಟ ನೋಡುವುದರಲ್ಲಿ ತನ್ನದೇ ಒಂದು ಕ್ರಮವಿತ್ತು. ಉಳಿದ ತಂಡದವರು ಅಂಕಣ ಪೂರ್ತಿ ಕಾಣುವಂತೆ ಎದುರಿನ ಮೆಟ್ಟಿಲುಗಳ ಮೇಲೆ ಕೂತರೆ, ಇವಳು ಶಾಲೆಯ ಬೆಂಚಿನ ಬೆನ್ನಿಗೆ ಜಾಗ ಹಿಡಿಯುತ್ತಿದ್ದಳು. ಕೆಳಗೆ ಸಾಂಗ್‌ಬೊಮ್ ಹೊಲಿದುಕೊಟ್ಟ ದಪ್ಪ ಮೆತ್ತೆ, ಪಕ್ಕದಲ್ಲಿ ಬಿಸಿ ಬಾರ್ಲಿ ನೀರಿನ ಫ್ಲಾಸ್ಕು. ಹುಡುಗಿಯೊಬ್ಬಳನ್ನು ಆಟದಿಂದ ಹೊರಗೆ ಕರೆದಾಗ ಅವಳು ಹೇಗೆ ಬಂದು ಕೂರುತ್ತಾಳೆ, ಟವೆಲನ್ನು ಎಸೆಯುತ್ತಾಳೋ ಮಡಚುತ್ತಾಳೋ, ಒಳಗೆ ಹೋದವಳ ಆಟವನ್ನು ನೋಡುತ್ತಾಳೋ ನೆಲ ನೋಡುತ್ತಾಳೋ ಎಂಬುದನ್ನೆಲ್ಲ ಅವಳು ಗಮನಿಸುತ್ತಿದ್ದಳು. ಚೆಂಡು ಕೈಯಲ್ಲಿದ್ದಾಗ ಎಲ್ಲರೂ ಚೆಂದವೇ, ಕೈಯಲ್ಲಿ ಇಲ್ಲದಾಗ ನೋಡಬೇಕು ಎನ್ನುವುದು ಅವಳ ನಂಬಿಕೆ. ಅದರಿಂದ ತಂಡಕ್ಕೆ ಒಳ್ಳೆಯದೂ ಆಗಿತ್ತು.

ಆ ವರ್ಷ ಏಪ್ರಿಲ್ ಪಂದ್ಯಾವಳಿಯಲ್ಲಿ ಸಮ್‌ಚೊಕ್ ಎಂಬ ಕರಾವಳಿ ಊರಿನ ಹೆಣ್ಣುಮಕ್ಕಳ ಶಾಲೆಯೊಂದು ಆಡಿತು. ತಂಡದಲ್ಲಿ ಇದ್ದದ್ದು ಐದೇ ಹುಡುಗಿಯರು. ಈಗೀಗ ಅದು ಯಾರಿಗೂ ಹೊಸತಲ್ಲ. ಊರುಗಳಲ್ಲಿ ಮಕ್ಕಳೇ ಕಡಿಮೆ, ಇರುವ ಮಕ್ಕಳಲ್ಲಿ ಬಾಸ್ಕೆಟ್‌ಬಾಲ್ ಆಡುವವರು ಇನ್ನೂ ಕಡಿಮೆ. ಐದು ಜನ ಇದ್ದರೆ ಆಡುತ್ತಾರೆ, ನಾಲ್ಕಾದರೆ ಆ ವರ್ಷ ಬಿಡುತ್ತಾರೆ. ಬೆಂಚಿನ ಮೇಲೆ ಇಮ್ ಎಂಬ ವಯಸ್ಸಾದ ಮೇಷ್ಟ್ರು, ಐದು ಚೀಲ, ಒಂದು ನೀರಿನ ಡಬ್ಬ ಬಿಟ್ಟರೆ ಏನೂ ಇರಲಿಲ್ಲ. ಬೆಂಚೇ ಖಾಲಿಯಿರುವಾಗ ಅದರ ಹಿಂದೆ ಕೂತು ನೋಡುವುದೇನನ್ನು ಎಂದು ಗುಮ್ಹೀ ಅವತ್ತು ಮೆತ್ತೆ ಎತ್ತಿಕೊಂಡು ಎಲ್ಲರ ಹಾಗೆ ಎದುರಿನ ಮೆಟ್ಟಿಲಿಗೆ ಹೋದಳು.

ಆ ಐವರಲ್ಲಿ ಚೆಂಡು ನಡೆಸುವವಳು ಗು ಇಸುಲ್. ಕುಳ್ಳಿ, ಬಿಸಿಲಿಗೆ ಕಪ್ಪಾದ ಮುಖ, ಒಂದು ಹಲ್ಲಿನ ಮೇಲೆ ಇನ್ನೊಂದು ಹಲ್ಲು. ಅವಳು ಚೆಂಡು ಹಿಡಿದರೆ ಉಳಿದ ನಾಲ್ವರಿಗೂ ಎಲ್ಲಿ ನಿಲ್ಲಬೇಕೆಂದು ತಾನಾಗಿ ಗೊತ್ತಾಗುತ್ತಿತ್ತು. ಆದರೆ ಚೆಂಡು ಎದುರಾಳಿಯ ಕೈಗೆ ಹೋದೊಡನೆ ಹುಡುಗಿ ಬೇರೆಯೇ ಆಗಿಬಿಡುತ್ತಿದ್ದಳು. ಎದುರಿಗೆ ಹೋಗಿ ನಿಲ್ಲುತ್ತಿದ್ದಳು ಅಷ್ಟೆ. ಆರಂಭದಲ್ಲಿ ಎರಡು ಸಲ ಸೀಟಿ ಊದಿಸಿಕೊಂಡದ್ದು ಬಿಟ್ಟರೆ ಚೆಂಡಿಗೆ ಕೈ ಹಾಕುತ್ತಿರಲಿಲ್ಲ. ಪಕ್ಕದಿಂದ ನುಸುಳಿ ಹೋದರೆ ಹೋಗಲಿ ಎಂದು ಬಿಟ್ಟುಬಿಡುತ್ತಿದ್ದಳು. ಗುಮ್ಹೀ ಕೋಚಿಗೆ ಕೊಟ್ಟ ವರದಿಯಲ್ಲಿ ಹಾಗೆಯೇ ಬರೆದಳು: ಚೆಂಡು ಕೈಯಲ್ಲಿದ್ದರೆ ಚುರುಕು, ತಡೆಯುವುದರಲ್ಲಿ ಸೋಮಾರಿ.

ಬರೆದದ್ದು ಸಾಲದೆಂದು ಬಾಯಲ್ಲೂ ಆಡಿದಳು. ಆಟ ಮುಗಿದ ಮೇಲೆ ಆರೂ ತಂಡಗಳಿಗೆ ಹುಡುಗಿಯರನ್ನು ಹುಡುಕುವವರು ಒಂದೇ ಹೋಟೆಲಿನಲ್ಲಿ ಸೇರಿ, ಚಿಪ್ಪುಮೀನು ಹಾಕಿದ ಬಿಸಿ ನೂಡಲ್ಸ್ ತಿನ್ನುವುದು ಹಳೆಯ ರೂಢಿ. ಅಲ್ಲಿ ಯಾರೂ ಹೇಳಿಕೊಡದ ಒಂದು ನಿಯಮವುಂಟು. ಯಾವ ಹುಡುಗಿ ಹಿಡಿಸಿದಳು ಎಂದು ಬಾಯಿ ಬಿಡಬಾರದು. ಯಾವಳು ಹಿಡಿಸಲಿಲ್ಲ ಎಂದು ಧಾರಾಳವಾಗಿ ಹೇಳಬಹುದು. ಒಲವು ಬಚ್ಚಿಡಬೇಕು, ಹುಳುಕು ಹಂಚಿಕೊಳ್ಳಬೇಕು. ಹೀಗಾಗಿ ಆ ಮೇಜಿನ ಮೇಲೆ ದೇಶದ ಎಲ್ಲ ಹುಡುಗಿಯರೂ ಕೆಟ್ಟವರೇ. ಅಂದು ಗುಮ್ಹೀಯ ಪಕ್ಕದಲ್ಲಿ ಕೂತಿದ್ದವಳು ಪೊಹಾಂಗ್ ತಂಡದ ಬೊಂಗ್ ಮಿರಾನ್, ಹಿಂದೆ ಅದೇ ಬ್ಯಾಂಕಿನ ತಂಡದಲ್ಲಿ ಇವಳ ಜತೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಎರಡು ವರ್ಷ ಚಿಕ್ಕವಳು. ಸಮ್‌ಚೊಕ್ ಹುಡುಗಿ ಹೇಗೆ ಅಕ್ಕಾ ಎಂದು ಅವಳು ಕೇಳಿದಳು. ಕೈಯೇ ಹಾಕಲ್ಲ ಕಣೇ ಅದು ಎಂದು ಗುಮ್ಹೀ ನೂಡಲ್ಸ್ ಊದಿಕೊಂಡು ತಿಂದಳು.

ಮುಂದಿನ ತಿಂಗಳು ಬೇರೆ ಊರಿನ ಪಂದ್ಯಾವಳಿಯಲ್ಲಿ ಬೇರೆ ತಂಡದವನೊಬ್ಬ ಅವಳ ಹತ್ತಿರ ಬಂದು, ಸಮ್‌ಚೊಕ್ ಹುಡುಗಿ ಕೈಯೇ ಹಾಕುವುದಿಲ್ಲವಂತೆ ಎಂದ. ಹೌದಲ್ಲ, ಇವನಿಗೂ ಹಾಗೇ ಕಂಡಿದೆ, ನಾನು ನೋಡಿದ್ದು ಸರಿಯಿದೆ ಎಂದು ಗುಮ್ಹೀ ಸಮಾಧಾನಪಟ್ಟಳು. ಅದು ತನ್ನದೇ ಮಾತು, ಊರು ಸುತ್ತಿ ಮನೆಗೆ ವಾಪಸು ಬಂದದ್ದು ಎಂಬುದು ಆಗ ಅವಳಿಗೆ ಹೊಳೆಯಲೇ ಇಲ್ಲ.

ಆಗಸ್ಟಿನಲ್ಲಿ ಹೈಸ್ಕೂಲು ತಂಡಗಳನ್ನು ಕರೆಸಿ ತಮ್ಮ ಕಿರಿಯ ಆಟಗಾರ್ತಿಯರ ಜತೆ ಆಡಿಸುವುದು, ಆಡಿದ ಮಕ್ಕಳಿಗೆ ಹೊಟ್ಟೆ ತುಂಬ ಹಂದಿಮಾಂಸ ಸುಟ್ಟು ಹಾಕಿ ಕಳಿಸುವುದು ಜೊಂಜು ತಂಡದ ಪದ್ಧತಿ. ಆ ಬಾರಿ ಸಮ್‌ಚೊಕ್ ಶಾಲೆಯೂ ಬಂತು. ಹಿರಿಯ ಕೋಚ್ ನಾಮ್‌ಗುಂಗ್ ಅಂದು ಊರಲ್ಲಿರಲಿಲ್ಲ. ಚೇರಿನ್ ಎಂಬ ಬಹಳ ಎತ್ತರದ ಹುಡುಗಿಯೊಬ್ಬಳ ಶಾಲೆಗೆ ಹೋಗಿದ್ದರು. ಎರಡು ವರ್ಷದಿಂದ ಅವರ ಕಣ್ಣು ಅವಳ ಮೇಲೇ.

ಆಟ ಶುರುವಾಗುವ ಮುಂಚೆ ಇಮ್ ಮೇಷ್ಟ್ರು ಕಿರಿಯ ಕೋಚಿನ ಹತ್ತಿರ ಬಂದು ಸಂಕೋಚದಿಂದ ಒಂದು ಮಾತು ಕೇಳಿದರು. ನಮ್ಮವರು ಐದೇ ಜನ, ಚೆಂಡಿಗೆ ಕೈ ಹಾಕುವಾಗ ಎದುರಾಳಿಗೆ ಏಟು ಬಿದ್ದು ಯಾರಿಗಾದರೂ ಐದು ಫೌಲಾದರೆ ಅವಳು ಆಟದಿಂದಲೇ ಹೊರಗೆ, ನಾಲ್ಕು ಜನ ಉಳಿಯುತ್ತಾರೆ, ನಿಮ್ಮವರಿಗೂ ಸರಿಯಾದ ಅಭ್ಯಾಸ ಸಿಗುವುದಿಲ್ಲ ಎಂದರು. ಕಿರಿಯ ಕೋಚ್ ನಕ್ಕು, ಇದು ಲೀಗಿನ ಆಟವಲ್ಲ, ಇವತ್ತು ಫೌಲಿನ ಲೆಕ್ಕವೇ ಬೇಡ, ಸೀಟಿ ಊದುತ್ತೇವೆ, ಯಾರೂ ಹೊರಗೆ ಹೋಗುವುದು ಬೇಡ ಎಂದ. ಮೇಷ್ಟ್ರು ಹೋಗಿ ಹುಡುಗಿಯರಿಗೆ ಹೇಳಿದರು. ಇಸುಲ್ ಮಾತ್ರ ಮತ್ತೊಮ್ಮೆ ಕೇಳಿದ್ದು ಗುಮ್ಹೀಗೆ ಕೇಳಿಸಿತು.

"ಎಷ್ಟಾದ್ರೂ ಪರ್ವಾಗಿಲ್ವಾ ಸಾರ್? ನಿಜವಾಗ್ಲೂ?"

ಆಮೇಲೆ ಆಡಿದ್ದು ಬೇರೆ ಹುಡುಗಿ. ತನಗಿಂತ ನಾಲ್ಕೈದು ವರ್ಷ ದೊಡ್ಡವರಾದ ಆಟಗಾರ್ತಿಯರ ಎದೆಗೆ ಎದೆ ಕೊಟ್ಟು ನಿಂತಳು. ಚೆಂಡು ನೆಲಕ್ಕೆ ಬಡಿದು ಮೇಲೇಳುವ ಅರೆಗಳಿಗೆಯಲ್ಲಿ ಕೈ ಹಾಕಿ ಕಿತ್ತುಕೊಂಡಳು. ಒಮ್ಮೆ ಕಿತ್ತುಕೊಂಡಳು, ಒಮ್ಮೆ ಮಣಿಕಟ್ಟಿಗೆ ಹೊಡೆದು ಸೀಟಿ ಊದಿಸಿಕೊಂಡಳು, ಮತ್ತೆ ಕಿತ್ತುಕೊಂಡಳು. ಬೇಲಿ ಹಾರಿದ ಕರುವಿನ ಹಾಗೆ ಅಂಕಣದ ತುಂಬ ಓಡಾಡಿದಳು. ಗುಮ್ಹೀ ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿದ ಬಾರ್ಲಿ ನೀರು ಆರಿ ತಣ್ಣಗಾಯಿತು.

ಸಂಜೆ ಮಾಂಸ ಸುಡುವ ಒಲೆಯ ಮುಂದೆ ಅವಳು ಇಮ್ ಮೇಷ್ಟ್ರ ತಟ್ಟೆಗೆ ಬಡಿಸುತ್ತ, ಏಪ್ರಿಲ್‌ನಲ್ಲಿ ಹುಡುಗಿ ಹೀಗೆ ಆಡಲಿಲ್ಲವಲ್ಲ ಎಂದು ವಿಚಾರಿಸಿದಳು. ಮೇಷ್ಟ್ರು ಅದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ ನೋಡಿದರು. ಮೊದಲ ವರ್ಷ ಹುಡುಗಿ ಮೈಮೇಲೆ ಬಂದವಳ ಹಾಗೆ ಆಡುತ್ತಿದ್ದಳಂತೆ. ಒಂದು ಆಟದಲ್ಲಿ ಐದು ಫೌಲಾಗಿ ಹೊರಗೆ ಬಂದು, ಉಳಿದ ನಾಲ್ವರು ಸೋಲುವುದನ್ನು ಆ ಖಾಲಿ ಬೆಂಚಿನ ಮೇಲೆ ಒಬ್ಬಳೇ ಕೂತು ನೋಡಿದಳಂತೆ. ಅಂದಿನಿಂದ ಎರಡು ಫೌಲಾಯಿತೆಂದರೆ ಕೈ ಎತ್ತುವುದಿಲ್ಲ. "ನಾನು ಹೇಳ್ಕೊಟ್ಟಿದ್ದಲ್ಲಮ್ಮ," ಎಂದರು ಮೇಷ್ಟ್ರು, "ಅವಳೇ ಕಲಿತಿದ್ದು. ಬೇಡ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ."

ಮರುದಿನ ಸಾಂಗ್‌ಬೊಮ್‌ನ ಅಂಗಡಿಯಲ್ಲಿ ಒಗೆದ ಹಾಸುಬಟ್ಟೆಗಳನ್ನು ಒಂದು ತುದಿ ಅವನು, ಒಂದು ತುದಿ ಇವಳು ಹಿಡಿದು ಮಡಚುವಾಗ ಗುಮ್ಹೀ ಅವನಿಗೆ ಎಲ್ಲವನ್ನೂ ಹೇಳಿದಳು. ಅವನು ಬಟ್ಟೆ ಕೊಡವಿ, ಒಳ್ಳೇದೇ ಆಯ್ತಲ್ಲ, ಬೇರೆಯವರು ಯಾರಿಗೂ ಗೊತ್ತಿಲ್ಲ, ನಿನಗೊಬ್ಬಳಿಗೇ ಗೊತ್ತು ಎಂದ. ಅವಳನ್ನು ಚುಚ್ಚುತ್ತಿದ್ದದ್ದೂ ಅದೇ. ಬೇರೆಯವರಿಗೆ ಗೊತ್ತಿಲ್ಲದಿರುವುದು ಮಾತ್ರವಲ್ಲ, ತಪ್ಪು ಗೊತ್ತಿದೆ. ಆ ತಪ್ಪನ್ನು ಮೇಜಿನ ಮೇಲೆ ಇಟ್ಟವಳು ತಾನೇ. ಡ್ರಾಫ್ಟ್ ದಿನ ಆ ಹುಡುಗಿಯನ್ನು ಯಾರೂ ಕರೆಯದೆ ಹೋದರೆ, ಅದಕ್ಕೆ ಕಾರಣ ನೂಡಲ್ಸ್ ತಿನ್ನುತ್ತ ಆಡಿದ ಒಂದು ಮಾತು.

ಸರದಿಯ ಚೀಟಿ ಎತ್ತಿದಾಗ ಜೊಂಜುವಿಗೆ ನಾಲ್ಕನೆಯದು ಬಂತು. ಎರಡನೆಯ ಸುತ್ತು ಕೊನೆಯಿಂದ ಹಿಂದಕ್ಕೆ ಬರುವುದರಿಂದ ಒಂಬತ್ತನೆಯದೂ ಅವರದೇ. ನಾಮ್‌ಗುಂಗ್ ಲೆಕ್ಕ ಸರಳವಾಗಿತ್ತು. ನಾಲ್ಕನೆಯದು ಚೇರಿನ್, ಒಂಬತ್ತನೆಯದು ಆಗ ಯಾರು ಉಳಿದಿರುತ್ತಾರೋ ನೋಡೋಣ. ಗುಮ್ಹೀ ಇಸುಲ್ ಹೆಸರೆತ್ತಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏಪ್ರಿಲ್‌ನಲ್ಲಿ ಸೋಮಾರಿ ಅಂತ ಬರ್ಕೊಟ್ರಿ. ಈಗ ಕಳ್ಳಿ ಥರ ಚೆಂಡು ಕಿತ್ಕೋತಾಳೆ ಅಂತೀರ. ನಾನು ಯಾವ ಗುಮ್ಹೀನ ನಂಬ್ಲಿ?"

"ಏಪ್ರಿಲ್‌ದು ನಾನು ಸರಿಯಾಗಿ ನೋಡ್ಲಿಲ್ಲ ಸಾರ್."

"ಐದೇ ಜನ ಇರೋ ಶಾಲೆ ಬೇರೇವೂ ಇವೆಯಲ್ಲ. ಅಲ್ಲಿ ಹುಡುಗೀರು ಕೈ ಹಾಕ್ತಾರೆ."

"ಹಾಕ್ತಾರೆ. ಕೊನೇಲಿ ನಾಲ್ಕೇ ಜನ ಆಡಿ ಸೋಲ್ತಾರೆ."

ನಾಮ್‌ಗುಂಗ್ ಒಳ್ಳೆಯ ಮನುಷ್ಯ, ಕೂಗುವವರಲ್ಲ. ಸರಿ, ನೀವು ಹೇಳುವುದು ನಿಜವೆಂದೇ ಇಟ್ಟುಕೊಳ್ಳೋಣ, ಆದರೂ ನಾಲ್ಕರಲ್ಲಿ ಅವಳನ್ನು ಕರೆಯುವುದು ಬೇಕಿಲ್ಲ, ಎಲ್ಲರೂ ಅವಳನ್ನು ಸೋಮಾರಿ ಎಂದುಕೊಂಡಿರುವಾಗ ಒಂಬತ್ತರಲ್ಲೂ ಸಿಗುತ್ತಾಳೆ, ನಡುವೆ ಇರುವುದು ಎರಡೇ ತಂಡ ಎಂದರು. ತಂಡಕ್ಕೆ ಎತ್ತರದವಳು ಬೇಕಾಗಿದ್ದದ್ದು ಗುಮ್ಹೀಗೂ ಗೊತ್ತಿತ್ತು. ಮಾತು ನ್ಯಾಯವಾಗಿತ್ತು, ಅವಳು ತಲೆಯಾಡಿಸಿದಳು. 

ಡ್ರಾಫ್ಟಿಗೆ ಮೊದಲಿನ ಕೊನೆಯ ಪಂದ್ಯಾವಳಿಯಲ್ಲಿ ಮತ್ತೆ ಅದೇ ಮೇಜು, ಅದೇ ನೂಡಲ್ಸ್. ನಡುವಿನ ಆ ಎರಡು ತಂಡಗಳಲ್ಲಿ ಒಂದು ಮಿರಾನ್‌ಳ ಪೊಹಾಂಗ್. ಅವಳು ಮೂಲಂಗಿಯ ಉಪ್ಪಿನಕಾಯಿ ಕಿಮ್ಚಿ ಕಡಿಯುತ್ತ, ಬೇರೇನೋ ಮಾತಾಡುತ್ತಿದ್ದವಳು ಥಟ್ಟನೆ ಕೇಳಿದಳು.

"ಅಕ್ಕಾ, ಆ ಸಮ್‌ಚೊಕ್ ಹುಡುಗಿ ಇನ್ನೂ ಕೈ ಹಾಕಲ್ವಾ?"

ಗುಮ್ಹೀಯ ಬಾಯಲ್ಲಿ ನೂಡಲ್ಸ್ ಇತ್ತು. ನಿಧಾನವಾಗಿ ಅಗಿದಳು. ಹೌದು ಎಂದರೆ ಸುಳ್ಳು, ಹಾಕುತ್ತಾಳೆ ಎಂದರೆ ತನಗೆ ಅನ್ನ ಹಾಕುವ ತಂಡಕ್ಕೆ ದ್ರೋಹ. ನುಂಗಿ, ಸಾರು ತುಂಬ ಉಪ್ಪಾಗಿದೆ ಎಂದಳು. ಮಿರಾನ್ ಅದನ್ನು ಹೌದು ಎಂದೇ ತೆಗೆದುಕೊಂಡಳು. ಅವತ್ತು ಜೊಂಜುವಿಗೆ ಕಾರು ಓಡಿಸಿಕೊಂಡು ಬರುವಾಗ ಗುಮ್ಹೀಗೆ ದಾರಿಯುದ್ದಕ್ಕೂ ಬಾಯಾರಿತು.

ಡ್ರಾಫ್ಟ್ ದಿನ ಹುಡುಗಿಯರೆಲ್ಲ ಇಸ್ತ್ರಿ ಮಾಡಿದ ಶಾಲಾ ಸಮವಸ್ತ್ರದಲ್ಲಿ ಸಾಲಾಗಿ ಕೂತಿದ್ದರು, ಹಿಂದೆ ಅಪ್ಪ ಅಮ್ಮಂದಿರು. ಇಸುಲ್ ಕೊನೆಯ ಸಾಲಿನ ತುದಿಯಲ್ಲಿದ್ದಳು. ಅವಳಮ್ಮ ಸಮುದ್ರದ ದಂಡೆಯಲ್ಲಿ ಸ್ಕ್ವಿಡ್ ಮೀನು ಒಣಗಿಸುವ ಕೆಲಸದವಳು. ತೊಡೆಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ಗಂಟೊಂದನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದಳು. ಮಗಳನ್ನು ಕರೆದ ತಂಡದವರಿಗೆ ಕೊಡಲು ತಂದ ಒಣಮೀನು ಅದು ಎಂದು ನೋಡಿದವರಿಗೆ ಗೊತ್ತಾಗುತ್ತಿತ್ತು. ಯಾರೂ ಕರೆಯದಿದ್ದರೆ ಆ ಗಂಟನ್ನು ಏನು ಮಾಡುತ್ತಾಳೆ ಎಂಬ ಯೋಚನೆ ಗುಮ್ಹೀಯ ತಲೆಯೊಳಗೆ ಒಮ್ಮೆ ಬಂದದ್ದು ಮತ್ತೆ ಹೋಗಲಿಲ್ಲ.

ನಾಲ್ಕನೆಯ ಸರದಿಯಲ್ಲಿ ನಾಮ್‌ಗುಂಗ್ ವೇದಿಕೆ ಹತ್ತಿ ಚೇರಿನ್ ಹೆಸರು ಕರೆದರು. ಚಪ್ಪಾಳೆ ಬಿತ್ತು. ಐದನೆಯದು ಪೊಹಾಂಗ್, ಬೇರೊಬ್ಬಳು. ಆರು, ಏಳು ಮತ್ತೊಂದು ತಂಡ, ಬೇರೆ ಇಬ್ಬರು. ಎಂಟನೆಯದು ಮತ್ತೆ ಪೊಹಾಂಗ್. ಅವರು ಯೋಚಿಸಲು ಸಮಯ ಕೇಳಿದರು. ಮಿರಾನ್ ತನ್ನ ಕೋಚಿನ ಕಿವಿಗೆ ಬಾಗಿದಳು, ಒಮ್ಮೆ ತಲೆಯೆತ್ತಿ ಈ ಕಡೆ ನೋಡಿದಳು. ಗುಮ್ಹೀ ಬಾಟಲಿ ಎತ್ತಿ ನೀರು ಕುಡಿದಳು. ಪೊಹಾಂಗ್‌ನವರು ಎತ್ತರದ ಮತ್ತೊಬ್ಬಳನ್ನು ಕರೆದರು.

ಇನ್ನು ತಮ್ಮ ಸರದಿ ಎನ್ನುವಾಗ ನಾಮ್‌ಗುಂಗ್ ಏಳಲಿಲ್ಲ. ಯಾರೂ ಎಣಿಸದ ಒಂದು ಸಂಗತಿ ನಡೆದಿತ್ತು. ಸಿಯೋಲ್ ನಗರದ ಶಾಲೆಯೊಂದರ ಹುಡುಗಿ, ದೂರದಿಂದ ಬುಟ್ಟಿಗೆ ಎಸೆಯುವುದರಲ್ಲಿ ಹೆಸರಾದವಳು, ಆರರೊಳಗೇ ಹೋಗಿಬಿಡುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದವಳು, ಇನ್ನೂ ಕುರ್ಚಿಯಲ್ಲೇ ಕೂತಿದ್ದಳು. ಕಿರಿಯ ಕೋಚ್ ಆಗಲೇ ಅವಳ ಹೆಸರಿನ ಮೇಲೆ ಬೆರಳಿಟ್ಟಿದ್ದ. ನಾಮ್‌ಗುಂಗ್ ಕೈಯೆತ್ತಿ ಸಮಯ ಕೇಳಿದರು. ಎರಡು ನಿಮಿಷ. ಗುಮ್ಹೀ ಕಡೆ ತಿರುಗಿದರು.

"ಇವಳನ್ನ ಬಿಟ್ಟು ನಿಮ್ಮ ಇಸುಲ್ನ ಕರೀಬೇಕಾ? ಯಾಕೆ ಹೇಳಿ. ಪಾಪ ಅನ್ಸುತ್ತೆ ಅಂದ್ರೆ ಬೇಡ."

ಪಾಪ ಅನಿಸುತ್ತಿದ್ದದ್ದು ನಿಜ. ಅದನ್ನು ಅವಳು ಪಕ್ಕಕ್ಕಿಟ್ಟಳು.

"ಸಾರ್, ನಮ್ಮಮ್ಮ ಚಳಿಗಾಲಕ್ಕೆ ಅಂತ ತಂದ ಇದ್ದಿಲ ಬಿಲ್ಲೇನ ಲೆಕ್ಕ ಇಟ್ಟು ಉರಿಸ್ತಿದ್ಲು. ಮಧ್ಯಾಹ್ನ ಮನೆ ತಣ್ಣಗಿದ್ರೆ ಬಂದೋರು ಜಿಪುಣಿ ಅನ್ನೋರು. ಆದ್ರೆ ಫೆಬ್ರವರೀಲೂ ನಮ್ಮನೇಲಿ ಬೆಂಕಿ ಇರ್ತಿತ್ತು. ಈ ಹುಡುಗಿ ಮಾಡಿದ್ದೂ ಅಷ್ಟೆ. ಇದ್ದ ನಾಲ್ಕು ಫೌಲಲ್ಲಿ ಆಟ ಪೂರ್ತಿ ದೂಡಿದಾಳೆ, ಎರಡು ವರ್ಷ, ಬೈಸ್ಕೊಂಡು. ದೂರದಿಂದ ಎಸೆಯೋರು ಮುಂದಿನ ವರ್ಷಾನೂ ಸಿಗ್ತಾರೆ. ಆಟ ಯಾವಾಗ ಎಷ್ಟು ಉಳಿಸ್ಬೇಕು ಅಂತ ಗೊತ್ತಿರೋಳು ನಮ್ಮಲ್ಲಿ ಒಬ್ಳೂ ಇಲ್ಲ. ಹೋದ ವರ್ಷ ಕೊನೇ ಗಳಿಗೇಲಿ ನಾವು ಸೋತ ಆಟ ಎಲ್ಲಾ ನೆನೆಸ್ಕೊಳ್ಳಿ."

ನಾಮ್‌ಗುಂಗ್ ನೆನೆಸಿಕೊಂಡರು ಎಂದು ಕಾಣುತ್ತದೆ, ಮುಖ ಹುಳ್ಳಗಾಯಿತು. ಕಿರಿಯ ಕೋಚ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸಮಯ ಮುಗಿಯಿತು. ಹಿರಿಯ ಕೋಚ್ ಕೋಟಿನ ಗುಂಡಿ ಹಾಕಿಕೊಂಡು ವೇದಿಕೆ ಹತ್ತಿ, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, ಸಮ್‌ಚೊಕ್ ಶಾಲೆಯ ಗು ಇಸುಲ್ ಎಂದರು.

ಹುಡುಗಿ ಏಳಲಿಲ್ಲ. ಪಕ್ಕದವಳು ತಿವಿದ ಮೇಲೆ ಎದ್ದಳು. ಹಿಂದಿನ ಸಾಲಿನಲ್ಲಿ ಅವಳಮ್ಮ ಗಂಟಿನ ಸಮೇತ ಎದ್ದು ನಿಂತು, ಯಾರಿಗೆಂದು ತಿಳಿಯದೆ ನಾಲ್ಕೂ ದಿಕ್ಕಿಗೆ ಬಗ್ಗಿ ನಮಸ್ಕರಿಸಿದಳು.

ಹೊರಗೆ ಕಾರು ನಿಲ್ಲಿಸುವ ಕಡೆ ಮಿರಾನ್ ಕಾದು ನಿಂತಿದ್ದಳು. ಸಿಟ್ಟಿತ್ತು, ಆದರೆ ಅಕ್ಕ ಎನ್ನುವುದನ್ನು ಬಿಟ್ಟಿರಲಿಲ್ಲ.

"ಕೈ ಹಾಕಲ್ಲ ಅಂದಿದ್ದು ನೀನೇ ಅಲ್ವಾ ಅಕ್ಕಾ?"

"ಅಂದಾಗ ನಾನೂ ಹಂಗೇ ಅಂದ್ಕೊಂಡಿದ್ದೆ."

"ಮತ್ತೆ ಸಾರು ಉಪ್ಪು ಅಂದಾಗ?"

ಗುಮ್ಹೀ ಕಾರಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸಿದಳು. ಅವಾಗ ಗೊತ್ತಿತ್ತು ಎಂದಳು. ಮಿರಾನ್ ಚೀಲವನ್ನು ಹೆಗಲಿಗೇರಿಸಿ, ಇನ್ಮೇಲೆ ನಿನ್ನ ಪಕ್ಕ ಕೂತ್ಕೊಂಡ್ರೆ ನಾನು ತಿನ್ನೋದು ಮಾತ್ರ, ಕೇಳೋದಿಲ್ಲ ಎಂದು ಹೊರಟುಹೋದಳು. ಅವಳು ಹಾಗೆಯೇ ನಡೆದುಕೊಂಡಳು ಕೂಡ. ಮುಂದಿನ ವಸಂತದಲ್ಲಿ ಗುಮ್ಹೀಯ ಪಕ್ಕದಲ್ಲೇ ಕೂತು, ಹವೆಯ ಬಗ್ಗೆ, ಮಂಡಿನೋವಿನ ಬಗ್ಗೆ ಮಾತಾಡಿದಳು. ಗುಮ್ಹೀಯೂ ಆ ಮೇಜಿನಲ್ಲಿ ಯಾವ ಹುಡುಗಿಯ ಹುಳುಕನ್ನೂ ಎತ್ತಲಿಲ್ಲ. ಇಬ್ಬರಿಗೂ ಊಟ ಬೇಗ ಮುಗಿಯತೊಡಗಿತು.

ಹೊಸ ಹುಡುಗಿಯರು ತಂಡದ ವಸತಿಗೆ ಬಂದ ಮೊದಲ ವಾರ, ಸಂಜೆಯ ಅಭ್ಯಾಸ ನೋಡಲು ಗುಮ್ಹೀ ಬೊಮಿಯನ್ನೂ ಕರೆದುಕೊಂಡು ಹೋಗಿದ್ದಳು. ಬೆಂಚಿನ ಹಿಂದೆ ಮೆತ್ತೆ ಹಾಸಿ ಕೂತರು. ಅಮ್ಮ ಮಗಳ ನಡುವೆ ಒಣಗಿದ ಸ್ಕ್ವಿಡ್ಡಿನ ಎಳೆಗಳ ಪೊಟ್ಟಣ. ಬೊಮಿಗೆ ಆಟ ಬೇಕಿರಲಿಲ್ಲ, ಅದು ಬೇಕಿತ್ತು.

ಇಸುಲ್ ತನಗಿಂತ ಹತ್ತು ವರ್ಷ ದೊಡ್ಡವಳಾದ ನಾಯಕಿಯ ಎದುರು ನಿಂತಿದ್ದಳು. ನಿಂತಿದ್ದಳು ಅಷ್ಟೆ, ಏಪ್ರಿಲ್‌ನಲ್ಲಿ ನಿಂತ ಹಾಗೆ. ನಾಯಕಿ ಎರಡು ಸಲ ಪಕ್ಕದಿಂದ ದಾಟಿ ಹೋದಳು. ನಾಮ್‌ಗುಂಗ್ ತಿರುಗಿ ಗುಮ್ಹೀಯನ್ನು ನೋಡಿದರು. ಮೂರನೆಯ ಸಲ ಹುಡುಗಿಯ ಕೈ ಮುಂದೆ ಹೋಯಿತು, ಚೆಂಡಿಗೆ ಬದಲು ಮಣಿಕಟ್ಟಿಗೆ ಬಿತ್ತು. ಸೀಟಿ ಮೊಳಗಿತು.

ಇಸುಲ್ ಬೆಚ್ಚಿ ಬೆಂಚಿನ ಕಡೆ ತಿರುಗಿದಳು. ಅಲ್ಲಿ ಏಳು ಜನ ಕೂತಿದ್ದರು. ಒಬ್ಬಳು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು, ಒಬ್ಬಳು ಆಕಳಿಸುತ್ತಿದ್ದಳು, ಚೇರಿನ್ ತಲೆಯ ಮೇಲೆ ಟವೆಲು ಹೊದ್ದು ನೀರು ಕುಡಿಯುತ್ತಿದ್ದಳು. ಹುಡುಗಿ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು, ನೋಡಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು.

"ಅಮ್ಮಾ, ಆ ಅಕ್ಕ ಯಾಕೆ ನಮ್ಮನ್ನ ನೋಡ್ತಿದಾಳೆ?" ಎಂದಳು ಬೊಮಿ.

ನಮ್ಮನ್ನಲ್ಲ, ಬೆಂಚನ್ನು ಎಂದಳು ಗುಮ್ಹೀ. ಅಷ್ಟರಲ್ಲಿ ಇಸುಲ್ ಅಂಕಣದ ಕಡೆ ತಿರುಗಿ, ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡು, ನಾಯಕಿಯ ಎದೆಯ ಹತ್ತಿರಕ್ಕೆ ಹೋಗಿ ನಿಂತು, ಮತ್ತೆ ಕೈ ಹಾಕಿದಳು.